ರಾಜೇಸಾಬರ ಬಲಗಿವಿ

ರಾಜೇಸಾಬರು ಮಗ್ಗದ ಕುಣಿಯಲ್ಲಿ ಕಾಲು ಇಳಿಬಿಟ್ಟುಕೊಂಡು ಕಂಪ್ಯೂಟರಿನ ಮುಂದೆ ಕೂಡುತ್ತಿದ್ದರು. ಗಜೇಂದ್ರಗಡದ ನೇಕಾರರ ಓಣಿಯ ಹಳೆಯ ಮನೆಗಳಲ್ಲಿ ಇಂಥ ಕುಣಿಗಳಿವೆ. ನೇಯುವವರು ನೆಲಕ್ಕೆ ಕೂತು, ಕೆಳಗಿನ ಹಲಗೆಗಳನ್ನು ಕಾಲಿನಿಂದ ತುಳಿಯಲೆಂದು ತೋಡಿದ ತಗ್ಗು ಅದು. ತಂದೆ ತೀರಿಕೊಂಡ ಮೇಲೆ ರಾಜೇಸಾಬರು ಮಗ್ಗ ಬಿಚ್ಚಿಸಿದರು, ಕುಣಿ ಮುಚ್ಚಿಸಲಿಲ್ಲ. ಅದರ ಅಂಚಿಗೆ ಒಂದು ಗಿಡ್ಡ ಮೇಜು ಹಾಕಿ, ಮೇಜಿನ ಮೇಲೆ ದಪ್ಪ ಗಾಜಿನ ಮಾನಿಟರ್ ಇಟ್ಟು, ಹಾಡು ಮುದ್ರಿಸುವ ಸ್ಟುಡಿಯೋ ಮಾಡಿದ್ದರು. ಬಾಗಿಲು ಸರಿಸಿ ಒಳಗೆ ಬಂದವರಿಗೆ ಮೊದಲು ಕಾಣುತ್ತಿದ್ದುದು ಕಾಲಿಲ್ಲದವರಂತೆ ನೆಲಕ್ಕೆ ಕೂತ ಒಬ್ಬ ಸಣ್ಣ ಮೈಯ ಮನುಷ್ಯ, ಅವರ ಮುಖದ ಮೇಲೆ ಏರಿ ಇಳಿಯುವ ಹಸಿರು ಬೆಳಕು.

ನಾನು ಆಗ ಸೂಡಿಯ ಪ್ರಾಥಮಿಕ ಶಾಲೆಯಲ್ಲಿ ಶಿಕ್ಷಕಿ. ಅಪ್ಪನಿಂದ ಕಲಿತ ಹಾರ್ಮೋನಿಯಂ ಒಂದೇ ನನ್ನ ಆಸ್ತಿ. ಎರಡು ಸಾವಿರದ ಎರಡನೇ ಇಸವಿಯ ಬೇಸಿಗೆ ರಜೆಯಲ್ಲಿ ಮಕ್ಕಳ ಪದ್ಯಗಳಿಗೆ ಧಾಟಿ ಕೂಡಿಸಿ ಒಂದು ಕ್ಯಾಸೆಟ್ ಮಾಡಿಸಬೇಕೆಂದು ಅವರ ಮನೆಗೆ ಹೋದೆ. ನಾನು ಬಾರಿಸಿದ್ದನ್ನು ಕೇಳಿ ರಾಜೇಸಾಬರು, "ಅಕ್ಕೋರ, ನಿಮ್ಮ ಬೆರಳಿಗೆ ಲೆಕ್ಕ ಐತ್ರಿ. ಸಾಲಿ ಬಿಟ್ಟಮ್ಯಾಲ ಸಂಜಿ ಮುಂದ ಬರ್ರಿ, ನನಗೊಬ್ಬರು ಬೇಕು" ಎಂದರು. ಹಾಗೆ ಶುರುವಾದದ್ದು. ಸಂಜೆ ಸೂಡಿಯಿಂದ ಬಸ್ಸಿಳಿದು ನೇರ ಅವರ ಮನೆಗೆ ಹೋಗುವುದು ನನಗೆ ರೂಢಿಯಾಯಿತು. ಅವರ ಹೆಂಡತಿ ಮಾಬೂಬಿ ನನ್ನ ಓರಗೆಯವಳು. ಸ್ಟುಡಿಯೋದ ನಾಲ್ಕೂ ಗೋಡೆಗೆ ದನಿ ಪುಟಿಯದಂತೆ ನೇತುಹಾಕಿದ ಕೌದಿಗಳೆಲ್ಲ ಅವಳ ಕೈಯವು. ಅವಳು ಬಾಗಿಲ ಹತ್ತಿರ ಕೂತು ಕೌದಿ ಹೊಲಿಯುತ್ತಲೇ ಇರುತ್ತಿದ್ದಳು. ದನಿ ಮುದ್ರಿಸುವಾಗ ಮಾತ್ರ ಬಳೆ ಸದ್ದಾಗದಂತೆ ಕೈ ಎತ್ತಿ ಹಿಡಿಯುತ್ತಿದ್ದಳು.

ರಾಜೇಸಾಬರ ಕಂಪ್ಯೂಟರಿನಲ್ಲಿ ಒಂದು ಸ್ಯಾಂಪ್ಲರ್ ಇತ್ತು. ಯಂತ್ರವಲ್ಲ, ಒಂದು ಪ್ರೋಗ್ರಾಂ. ಹಲಗೆ ಎಂಬ ಚರ್ಮವಾದ್ಯದ್ದೋ ತಾಳದ್ದೋ ಒಂದೊಂದು ಪೆಟ್ಟನ್ನು ಮೊದಲೇ ಮುದ್ರಿಸಿ ಅದರೊಳಗೆ ಇಟ್ಟರೆ, ಆಮೇಲೆ ಕೀಬೋರ್ಡಿನ ಒಂದೊಂದು ಮನೆಯನ್ನು ಒತ್ತಿದಾಗ ಆ ಪೆಟ್ಟು ಹಾಗೆಯೇ ಹೊರಗೆ ಬರುತ್ತಿತ್ತು. ಅವರು ಅದಕ್ಕೆ 'ದನಿ ಡಬ್ಬಿ' ಎನ್ನುತ್ತಿದ್ದರು. ಪೇಟೆಯ ಸ್ಟುಡಿಯೋದವರು ಸಿದ್ಧ ಡಬ್ಬಿಗಳನ್ನು ತಂದು ಬಳಸುತ್ತಿದ್ದರೆ, ಇವರು ಶಿರೋಳದ ಹಲಗೆಯವರನ್ನು ಮನೆಗೆ ಕರೆಸಿ, ಉಣಿಸಿ, ಒಂದು ದಿನವೆಲ್ಲ ಒಂದೊಂದೇ ಪೆಟ್ಟು ಹೊಡೆಸಿ ತುಂಬಿಕೊಂಡಿದ್ದರು. ಮೆತ್ತಗಿನ ಪೆಟ್ಟು, ನಡುವಿನದು, ಜೋರಿನದು, ಅಂಚಿನದು, ಒದ್ದೆ ಚರ್ಮದ್ದು, ಬೆಂಕಿಗೆ ಕಾಸಿದ ಚರ್ಮದ್ದು.

ಆದರೆ ಅವರ ನಿಜವಾದ ಹುಚ್ಚು ದನಿ ತುಂಬುವುದರಲ್ಲಿ ಇರಲಿಲ್ಲ, ಹೊರಗೆ ಬರುವ ದನಿ ಎಷ್ಟಿದೆ ಎಂದು ನೋಡುವುದರಲ್ಲಿತ್ತು. ಪರದೆಯ ಮೇಲೆ ದನಿಯ ಮಟ್ಟ ತೋರಿಸುವ ಕಂಬಗಳಿರುತ್ತವೆ. ದನಿ ಏರಿದಂತೆ ಹಸಿರು, ಹಳದಿ, ತುದಿಗೆ ಕೆಂಪು. ಕೆಂಪು ಮುಟ್ಟಿತೆಂದರೆ ದನಿಯ ನೆತ್ತಿ ಕತ್ತರಿಸಿ ಹೋಗುತ್ತದೆ, ಕೇಳುವಾಗ ಬಿರುಕು ಬಿಟ್ಟಂತಾಗುತ್ತದೆ. ಅದನ್ನು ಮತ್ತೆ ಸರಿಮಾಡಲು ಬರುವುದಿಲ್ಲ. ಒಮ್ಮೆ ನಾನು, "ಡಬ್ಬಿಯೊಳಗಿನ ಕಂಬ ಎಲ್ಲಾ ಹಸಿರದಾವಲ್ರಿ, ಮತ್ಯಾಕ ಒಡದಂಗ ಕೇಳತೈತಿ?" ಎಂದು ಕೇಳಿದೆ. ಅವರು ಖುಷಿಯಿಂದ ಕುಣಿಯಲ್ಲಿ ಕಾಲು ಅಲ್ಲಾಡಿಸಿದರು.

"ಮನ್ಯಾಗ ಒಬ್ಬೊಬ್ಬರೂ ಮೆತ್ತಗ ಮಾತಾಡ್ತಾರ್ರಿ. ಅದ ಹತ್ತು ಮಂದಿ ಒಂದ ಕಟ್ಟಿಮ್ಯಾಲ ಕುಂತು ಮೆತ್ತಗ ಮಾತಾಡಿದ್ರೂ ಸಂತಿ ಆಗತೈತಿ. ಡಬ್ಬಿ ಕಂಬ ಒಬ್ಬೊಬ್ಬರದು ಹೇಳತೈತಿ. ಕಟ್ಟಿದು ಬ್ಯಾರೆ ನೋಡಬೇಕು."

ಅದಕ್ಕಾಗಿ ಅವರು ಮೂರು ಕಡೆ ನೋಡುತ್ತಿದ್ದರು. ಸ್ಯಾಂಪ್ಲರಿನ ಕಂಬ ಒಂದು, ಎಲ್ಲ ದನಿ ಕೂಡಿದ ಮೇಲಿನ ಕಂಪ್ಯೂಟರಿನ ದೊಡ್ಡ ಕಂಬ ಒಂದು, ಕಂಪ್ಯೂಟರಿನಿಂದ ಹೊರಬಿದ್ದ ದನಿ ಸೇರುವ ಮಿಕ್ಸರಿನ ಸಣ್ಣ ದೀಪಗಳ ಸಾಲು ಒಂದು. ದಿನಾ ಕೆಲಸ ಶುರುಮಾಡುವ ಮೊದಲು ಒಂದೇ ಸಮನಾದ 'ಕೂ' ದನಿಯೊಂದನ್ನು ಬಿಟ್ಟು ಮೂರೂ ಒಂದೇ ಮಟ್ಟ ತೋರಿಸುತ್ತಿವೆಯೋ ಇಲ್ಲವೋ ಪರೀಕ್ಷಿಸುತ್ತಿದ್ದರು. "ಮೂರೂ ಸಾಕ್ಷಿ ಒಂದ ಮಾತ ಹೇಳಬೇಕು. ಒಬ್ಬ ತಿರುಗಿ ಬಿದ್ದರೂ ಕೇಸ್ ಹೋತು" ಎನ್ನುತ್ತಿದ್ದರು. ಹಲಗೆಯ ಪೆಟ್ಟು ಎಷ್ಟು ಬಿರುಸೆಂದರೆ ಕಂಬ ಏರುವುದರೊಳಗೆ ಪೆಟ್ಟು ಮುಗಿದಿರುತ್ತದೆ. ಅದಕ್ಕೆಂದು ಮಾನಿಟರಿನ ಗಾಜಿನ ಮೇಲೆ ಮಾಬೂಬಿಯ ಉಗುರಿನ ಬಣ್ಣದಿಂದ ಕೆಂಪಿಗಿಂತ ಬಹಳ ಕೆಳಗೆ ಒಂದು ಗೆರೆ ಎಳೆದಿದ್ದರು. ಹಲಗೆ ಆ ಗೆರೆ ದಾಟುವಂತಿಲ್ಲ.

ಮನುಷ್ಯರನ್ನೂ ಅದೇ ಅಳತೆಯಲ್ಲಿ ನೋಡುತ್ತಿದ್ದರು. ನಮ್ಮ ಹೆಡ್‌ಮಾಸ್ತರರು ಒಮ್ಮೆ ನನ್ನನ್ನು ಹುಡುಕಿಕೊಂಡು ಬಂದು ಬಾಗಿಲಲ್ಲೇ ನಿಂತು ಗಟ್ಟಿಯಾಗಿ ಮಾತಾಡಿ ಹೋದರು. ರಾಜೇಸಾಬರು ಅವರು ಓಣಿ ದಾಟುವ ತನಕ ಕಾದು, "ಹಳದಿಯಾಗ ಹುಟ್ಟ್ಯಾರ ನೋಡ್ರಿ, ಇಳಿಯಂಗ ಇಲ್ಲ" ಎಂದರು. ಮಾಬೂಬಿ ಸಿಟ್ಟಾದರೆ, "ಕೆಂಪ ಹತ್ತಿತು, ಕೆಂಪ ಹತ್ತಿತು" ಎಂದು ಅಂಗೈ ಕೆಳಗೆ ಮಾಡಿ ತೋರಿಸುತ್ತಿದ್ದರು. ಅವಳಿಗೆ ಇನ್ನಷ್ಟು ಸಿಟ್ಟು ಬರುತ್ತಿತ್ತು.

ನರಗುಂದದಿಂದ ಒಬ್ಬ ಕ್ಯಾಸೆಟ್ ವ್ಯಾಪಾರಿ ಬರುತ್ತಿದ್ದ. ಅವನಿಗೆ ದನಿ ಯಾವತ್ತೂ ಸಾಲದು. "ಸಾಬರ, ಟ್ರ್ಯಾಕ್ಟರಿನ್ಯಾಗ ಹಚ್ಚಿದ್ರ ಎಂಜಿನ್ ಸಪ್ಪಳದ ಮ್ಯಾಲ ಕೇಳಬೇಕ್ರಿ. ಏರಸ್ರಿ ಇನ್ನಷ್ಟ" ಎನ್ನುವನು. ಇವರು ಒಪ್ಪುತ್ತಿರಲಿಲ್ಲ. "ಟ್ರ್ಯಾಕ್ಟರ್ ಬಂದ್ ಮಾಡಿ ಕೇಳ್ರೀ ಅಂತ ಹೇಳು" ಎನ್ನುವರು. ಅವನು ಸಿಡುಕಿಕೊಂಡು ಹೋದರೂ ಮತ್ತೆ ಬರುತ್ತಿದ್ದ. ಇವರಲ್ಲಿ ಮುದ್ರಿಸಿದ ದನಿ ಕಿವಿಗೆ ಹಿತವಾಗಿರುತ್ತದೆಂದು ಅವನಿಗೂ ಗೊತ್ತಿತ್ತು.

ಇಷ್ಟೆಲ್ಲ ಎಚ್ಚರಕ್ಕೆ ಒಂದು ಕಾರಣವಿತ್ತು. ಹರೆಯದಲ್ಲಿ ಅವರು ಮದುವೆಗಳಿಗೆ ಮೈಕ್ ಸೆಟ್ ಒಯ್ಯುತ್ತಿದ್ದರು. ಗಿಡಕ್ಕೆ ಕಟ್ಟಿದ ತಗಡಿನ ಹಾರ್ನ್ ಎದುರು ವರ್ಷಗಟ್ಟಲೆ ನಿಂತು ಎಡಗಿವಿ ಮಂದವಾಗಿತ್ತು. ಗುಟ್ಟಿನ ಮಾತು ಹೇಳುವವರು ಬಲಕ್ಕೆ ಬಂದು ಹೇಳಬೇಕು. "ಒಂದು ಕಿವಿ ಮದವಿ ಮಂದಿಗೆ ಕೊಟ್ಟೀನಿ. ಇನ್ನೊಂದು ನಂದು. ಇದನ್ನ ಯಾರಿಗೂ ಕೊಡಂಗಿಲ್ಲ" ಎನ್ನುತ್ತಿದ್ದರು. ಹಾಗಾಗಿ ನನಗೊಂದು ಕಟ್ಟುನಿಟ್ಟಿನ ನಿಯಮ ಹಾಕಿದ್ದರು. ಅವರ ತಲೆಯ ಮೇಲೆ ಹೆಡ್‌ಫೋನ್ ಇದ್ದಾಗ, ಅವರು ಕೈ ಎತ್ತುವ ತನಕ ನಾನು ಯಾವ ಗುಂಡಿಯನ್ನೂ ಒತ್ತಬಾರದು. "ಮೊದಲು ಕಣ್ಣಿಗೆ ತೋರಸ್ರಿ, ಆಮ್ಯಾಲ ಕಿವಿಗೆ ಕೊಡ್ರಿ. ನಾ ಕೈ ಎತ್ತತೀನಿ."

ಮುಂದಿನ ವರ್ಷ ಶ್ರಾವಣ ಇನ್ನೂ ಮುಗಿದಿರಲಿಲ್ಲ. ಒಂದು ಭಜನಾ ಮೇಳದ ಹಾಡು ಮುಗಿಯುವುದಿತ್ತು. ರಾಜೇಸಾಬರು ಹಲಗೆಯ ಒಂದು ಪೆಟ್ಟಿನ ಬಾಲ ಕತ್ತರಿಸುತ್ತಿದ್ದರು. ಪೆಟ್ಟು ಬಿದ್ದ ಮೇಲೆ ಚರ್ಮದ ಗುಂಯ್ ಸದ್ದು ಸಣ್ಣಗಾಗುತ್ತ ಆಗುತ್ತ ಎಲ್ಲಿ ಪೂರ್ತಿ ಸಾಯುತ್ತದೆಯೋ ಅಲ್ಲೇ ಕತ್ತರಿಸಬೇಕು, ಮೊದಲೇ ಕತ್ತರಿಸಿದರೆ ಕತ್ತು ಹಿಚುಕಿದಂತೆ ಕೇಳುತ್ತದೆ. ಆ ಕೊನೆಯ ಸಣ್ಣ ಸದ್ದನ್ನು ಹಿಡಿಯಲು ಅವರು ಹೆಡ್‌ಫೋನಿನ ಗುಂಡಿಯನ್ನು ಪೂರ್ತಿ ತಿರುಗಿಸಿ, ಕಣ್ಣು ಮುಚ್ಚಿ, ಒಂದೇ ಪೆಟ್ಟಿನ ಬಾಲವನ್ನಷ್ಟೇ ಮತ್ತೆ ಮತ್ತೆ ಕೇಳುತ್ತಿದ್ದರು. ನಾನು ಪಕ್ಕದ ಸ್ಟೂಲಿನ ಮೇಲೆ ಕೀಬೋರ್ಡಿಗೆ ಕೂತಿದ್ದೆ. ಮನೆಯಲ್ಲಿ ತಾಯಿಗೆ ಜ್ವರ. ಬೇಗ ಹೊರಡಬೇಕಿತ್ತು. "ಆತೇನ್ರಿ?" ಎಂದು ಕೇಳಿದೆ. ಅವರಿಗೆ ಕೇಳಿಸಲಿಲ್ಲ. ತಲೆಯಾಡಿಸಿದರು. ಪೆಟ್ಟಿನ ಲೆಕ್ಕಕ್ಕೆ ತಲೆಯಾಡಿಸಿದ್ದರು. ನಾನು ಆಯಿತೆಂದು ತಿಳಿದೆ.

ನಾನು ಹಾಡು ಶುರುವಾಗುವ ಗುಂಡಿ ಒತ್ತಿದೆ.

ಇಡೀ ಮೇಳ, ಹಲಗೆ, ತಾಳ, ಹತ್ತು ಜನರ ದನಿ, ಒಟ್ಟಿಗೆ ಅವರ ಬಲಗಿವಿಗೆ ಹೋಯಿತು. ನನಗೆ ಹೆಡ್‌ಫೋನಿನ ಸಂದಿನಿಂದ ಒಂದು ಚೀರಾಟ ಕೇಳಿತು. ರಾಜೇಸಾಬರು ಕೂಗಲಿಲ್ಲ. ಅವರ ಕಾಲು ಕುಣಿಯ ಗೋಡೆಗೆ ಒಮ್ಮೆ ಬಡಿಯಿತು, ಅಷ್ಟೇ. ನಾನು ನಿಲ್ಲಿಸುವ ಗುಂಡಿ ಹುಡುಕುತ್ತಿರುವಾಗಲೇ ಅವರು ಎರಡೂ ಕೈಯಿಂದ ಹೆಡ್‌ಫೋನ್ ತೆಗೆದು, ತುಂಬಿದ ತಂಬಿಗೆ ಇಟ್ಟಹಾಗೆ ಮೇಜಿನ ಮೇಲೆ ಇಟ್ಟರು. ಪರದೆ ನೋಡಿದರು. ಕಂಬಗಳೆಲ್ಲ ಹಸಿರಾಗಿದ್ದವು. ಹೆಡ್‌ಫೋನಿನ ಗುಂಡಿಗೆ ಕಂಬ ಇರಲಿಲ್ಲ.

ಬಾಗಿಲ ಕಡೆ ತಿರುಗಿ ಕೇಳಿದರು: "ಹೊರಗ ಯಾರರ ಸೀಟಿ ಊದಾಕತ್ತಾರೇನ್ರಿ?"

"ಇಲ್ರಿ" ಎಂದೆ.

"ಊದಾಕತ್ತಾರ" ಎಂದರು. "ಮಾಬೂಬಿ, ಬಾಗಲಾ ಹಾಕು."

ಮಾಬೂಬಿ ಆಗ ಒಳಗೆ ಅಡುಗೆಮನೆಯಲ್ಲಿದ್ದಳು. ಹೊರಗೆ ಬಂದು ಬಾಗಿಲು ಹಾಕಿದಳು. ಸೀಟಿ ನಿಲ್ಲಲಿಲ್ಲ.

ಮೂರು ದಿನ ಕಾದು ನೋಡಿ ಗದಗಿನ ಕಿವಿ ಡಾಕ್ಟರರ ದವಾಖಾನೆಗೆ ಹೋದೆವು. ಗಂಡ, ಹೆಂಡತಿ, ನಾನು. ನಾನೇ ಹಟ ಮಾಡಿ ಹೋದೆ, ಅಲ್ಲಿಯಾದರೂ ಹೇಳಿಬಿಡಬೇಕೆಂದು. ಡಾಕ್ಟರರು ಗಟ್ಟಿಯಾಗಿ, ಬಿಡಿಸಿ ಬಿಡಿಸಿ ಕೇಳಿದರು, "ಏನಾತು? ಯಾವುದರ ದೊಡ್ಡ ಸಪ್ಪಳ ಕೇಳಿದ್ರೇನು?"

ರಾಜೇಸಾಬರು ನನ್ನ ಕಡೆ ನೋಡಲೇ ಇಲ್ಲ. "ಮದವಿ ಮನ್ಯಾಗ ಹಾರ್ನ್ ಮುಂದ ನಿಂತಿದ್ದೆರಿ" ಎಂದರು.

ನಾನು ಬಾಯಿ ತೆರೆಯಲಿಲ್ಲ. ಅವರು ನನಗೆ ಕೊಟ್ಟ ಸುಳ್ಳನ್ನು ಸೆರಗಿನಲ್ಲಿ ಕಟ್ಟಿಕೊಂಡೆ. ಮಾಬೂಬಿ ನನ್ನ ಪಕ್ಕದ ಬೆಂಚಿನ ಮೇಲೆ ಕೂತು ಗಂಡನ ಟೊಪ್ಪಿಗೆಯನ್ನು ಮಡಚುತ್ತಿದ್ದಳು, ಬಿಚ್ಚುತ್ತಿದ್ದಳು. ಒಳಗಿನ ನರ ಸುಟ್ಟಿದೆ, ಉಳಿದಿದ್ದು ಉಳಿಯಬಹುದು, ಹೋದದ್ದು ಬರಲಿಕ್ಕಿಲ್ಲ ಎಂದು ಡಾಕ್ಟರರು ಹೇಳಿದರು. ಗುಳಿಗೆ ಬರೆದುಕೊಟ್ಟರು. ತಿರುಗಿ ಬರುವಾಗ ರೋಣದ ನಿಲ್ದಾಣದಲ್ಲಿ ಬಸ್ಸು ನಿಂತಿತು. ಕಂಡಕ್ಟರ್ ಎರಡು ಸಲ ಕೇಳಿದರೂ ರಾಜೇಸಾಬರು ಕಿಟಕಿಯಾಚೆ ನೋಡುತ್ತಲೇ ಇದ್ದರು. ಮೂರನೇ ಸಲ ಅವನು, "ಕಿವುಡಾ ಏನೋ ಯಪ್ಪಾ" ಎಂದ. ಮಾಬೂಬಿ ಟಿಕೀಟು ತೋರಿಸಿದಳು.

ಒಂದು ತಿಂಗಳಲ್ಲಿ ಬಲಗಿವಿಯೂ ಹೆಚ್ಚುಕಡಿಮೆ ಪೂರ್ತಿ ಹೋಯಿತು. ಡಾಕ್ಟರರು ಕೊಡಿಸಿದ ಕಿವಿಯ ಯಂತ್ರ ಸೀಟಿಯನ್ನೇ ದೊಡ್ಡದು ಮಾಡಿತೆಂದು ಪೆಟ್ಟಿಗೆಯಲ್ಲಿ ಇಟ್ಟುಬಿಟ್ಟರು. ನನಗೆ ಅವರು ಹೇಳಿದ್ದು ಒಂದೇ ಮಾತು: "ಮಂದಿಗೆ ತಿಳೀಬಾರದ್ರಿ ಅಕ್ಕೋರ. ಕಿವಡ ದನಿ ತುಂಬತಾನಂದ್ರ ಯಾರ ಬರ್ತಾರ?"

ಅದಾದ ಮೇಲೆ ಮೂರು ವರ್ಷ ಅವರು ಕಣ್ಣಿನಿಂದಲೇ ಕೆಲಸ ಮಾಡಿದರು. ನಾನು ಅವರ ಕಿವಿಯಾದೆ. ಗಾಯಕರು ಹಾಡುವಾಗ ನಾನು ಹೆಡ್‌ಫೋನ್ ಹಾಕಿಕೊಂಡು ಕೂಡುತ್ತಿದ್ದೆ. ದನಿ ಒರಟಾದರೆ ಮೂಗು ಮುಟ್ಟಿಕೊಳ್ಳುವುದು, ಶ್ರುತಿ ತಪ್ಪಿದರೆ ಬಳೆ ಸರಿಸುವುದು, ಹೀಗೆ ನಮ್ಮಲ್ಲೇ ಸನ್ನೆಗಳು. ಉಳಿದುದೆಲ್ಲ ಅವರು ಕಂಬ ನೋಡಿ ತಿಳಿಯುತ್ತಿದ್ದರು. ಯಾವ ದನಿಗೆ ಕಂಬ ಹೇಗೆ ನಡುಗುತ್ತದೆ, ಹೆಣ್ಣು ದನಿ ಹೇಗೆ, ಮುದುಕರ ದನಿ ಹೇಗೆ ಎಂದು ಅವರಿಗೆ ಗೊತ್ತಾಗುತ್ತಿತ್ತು. ಒಮ್ಮೆ ಹಾಡುವವನೊಬ್ಬ ಬಾಯಿಗೆ ಎಲೆಯಡಿಕೆ ಹಾಕಿಕೊಂಡಿದ್ದನ್ನು ಕಂಬ ನೋಡಿಯೇ ಹೇಳಿದರು. ಜನ ಬೆರಗಾದರು, "ಸಾಬರ ಕಿವಿ ಅಂದ್ರ ಕಿವಿ" ಎಂದರು. ರಾಜೇಸಾಬರು ತುಟಿಯ ಚಲನೆ ನೋಡಿ ಅದನ್ನು ಅರ್ಥಮಾಡಿಕೊಂಡು ಸಣ್ಣಗೆ ನಕ್ಕರು. ನನಗೆ ತಲೆ ಎತ್ತಲಾಗಲಿಲ್ಲ.

ಕೆಲಸ ಮುಗಿದು ಎಲ್ಲರೂ ಹೋದ ಮೇಲೆ ಒಂದೊಂದು ದಿನ ಕೇಳುತ್ತಿದ್ದರು: "ಇವತ್ತಿನ ಹುಡುಗಿ ದನಿ ಹ್ಯಾಂಗಿತ್ತರಿ?"

"ಚಲೋ ಇತ್ರಿ."

"ಚಲೋ ಅಂದ್ರ ಹ್ಯಾಂಗ?"

ನಾನು ಹೇಳಲು ಒದ್ದಾಡುತ್ತಿದ್ದೆ. ಹೊಸ ಕೊಡದಲ್ಲಿ ನೀರು ತುಂಬಿದಂತೆ ಎಂದೋ, ಸ್ವಲ್ಪ ಕಾದ ಬೆಲ್ಲದಂತೆ ಎಂದೋ ಏನೋ ಹೇಳುತ್ತಿದ್ದೆ. ಆಮೇಲೆ ಅವರು ಕಣ್ಣು ಮುಚ್ಚಿಕೊಂಡು ನನ್ನ ತುಟಿಯನ್ನು ನೆನಪಿಸಿಕೊಳ್ಳುವವರಂತೆ ಕೂತಿರುತ್ತಿದ್ದರು. ಒಮ್ಮೆ ಎಂದರು, "ಮೀಟರ್ ಎಷ್ಟು ಅಂತ ಹೇಳತೈತಿ. ಹ್ಯಾಂಗ ಅಂತ ಹೇಳಂಗಿಲ್ಲ. ಅದರದೇನು ತಪ್ಪಿಲ್ಲ ಬಿಡ್ರಿ."

ಚಿಕ್ಕನರಗುಂದದಲ್ಲಿ ಸಾವಂತ್ರವ್ವ ಎಂಬ ಮುದುಕಿಯಿದ್ದಳು. ತತ್ವಪದ ಹಾಡುವವಳು. ಜೀವನದಲ್ಲಿ ಒಮ್ಮೆಯೂ ಮೈಕಿನ ಮುಂದೆ ಹಾಡಿದವಳಲ್ಲ. ನರಗುಂದದ ವ್ಯಾಪಾರಿ ಅವಳನ್ನು ಒಪ್ಪಿಸಿ ಕರೆತಂದ. ಎರಡು ದಿನ ಹಾಡಿದಳು. ಅಂಥ ದನಿಯನ್ನು ನಾನು ಆಮೇಲೆ ಕೇಳಿಲ್ಲ. ಹಾಡಿನ ಮುದ್ರಣಕ್ಕೆ ನಾನಿದ್ದೆ, ಎಲ್ಲ ಸರಿಯಾಗಿತ್ತು. ಅದಕ್ಕೆ ಡಬ್ಬಿಯ ತಾಳ, ಏಕತಾರಿ ಕೂಡಿಸಿ, ಕೊನೆಯ ಪ್ರತಿ ತೆಗೆಯುವುದಷ್ಟೇ ಉಳಿದಿತ್ತು. ಆ ವಾರ ನನ್ನನ್ನು ಮತದಾರರ ಪಟ್ಟಿಯ ಕೆಲಸಕ್ಕೆ ಹಾಕಿದರು. ಮನೆಮನೆ ತಿರುಗಿ ಬರುವುದರಲ್ಲಿ ದಿನ ಮುಗಿಯುತ್ತಿತ್ತು. ಅದೇ ವಾರ ಕಂಪ್ಯೂಟರ್ ಕೆಟ್ಟು, ಗದಗಿನಿಂದ ಬಂದ ಮೆಕ್ಯಾನಿಕ್ ಎಲ್ಲ ಪ್ರೋಗ್ರಾಂ ಹೊಸದಾಗಿ ಹಾಕಿಕೊಟ್ಟು ಹೋಗಿದ್ದ. ಹಾಗೆ ಹಾಕುವಾಗ, ದಿನಾ ಪರೀಕ್ಷೆಗೆ ಬಿಡುತ್ತಿದ್ದ 'ಕೂ' ದನಿ ಅಳಿಸಿಹೋಗಿತ್ತು, ಕಂಪ್ಯೂಟರಿನಿಂದ ದನಿ ಹೊರಬೀಳುವ ಕಡೆಯ ಬಾಗಿಲು ಪೂರ್ತಿ ತೆರೆದುಕೊಂಡುಬಿಟ್ಟಿತ್ತು. ಆ ಬಾಗಿಲು ಪರದೆಯ ಎರಡೂ ಕಂಬಗಳನ್ನು ದಾಟಿದ ಮೇಲೆ ಇರುವಂಥದ್ದು. ಸ್ಯಾಂಪ್ಲರಿನ ಕಂಬ ಹಸಿರು, ದೊಡ್ಡ ಕಂಬ ಹಸಿರು. ಕೊನೆಯ ಪ್ರತಿ ತೆಗೆಯುವ ಹೊರಗಿನ ಮಿಕ್ಸರಿಗೆ ಮಾತ್ರ ತಡೆಯಲಾರದಷ್ಟು ದನಿ ನುಗ್ಗುತ್ತಿತ್ತು. ಅದನ್ನು ಹೇಳಬೇಕಾದದ್ದು ಮಿಕ್ಸರಿನ ಕೆಂಪು ದೀಪ. ಆ ದೀಪ ಸುಟ್ಟು ಹೋಗಿತ್ತು.

ರಾಜೇಸಾಬರು ಬೆಳಗಿನಿಂದ ಮಧ್ಯಾಹ್ನದ ತನಕ ಒಬ್ಬರೇ ಕೂತು ಎರಡೂ ಕಂಬಗಳನ್ನು ನೋಡಿದರು, ಉಗುರು ಬಣ್ಣದ ಗೆರೆ ನೋಡಿದರು, ಹತ್ತದ ಕೆಂಪು ದೀಪ ನೋಡಿದರು. ಕೊನೆಯ ಪ್ರತಿ ವ್ಯಾಪಾರಿಯ ಕೈಗಿತ್ತರು. ಗಟ್ಟಿ ದನಿಯೇ ಬೇಕೆನ್ನುತ್ತಿದ್ದ ಅವನು ಕೇಳಿ ನೋಡದೆ ಒಯ್ದು ಕ್ಯಾಸೆಟ್ ಮಾಡಿಸಿದ.

ನಾಲ್ಕು ವಾರದ ಮೇಲೆ ಸಾವಂತ್ರವ್ವ ಮೊಮ್ಮಗನ ಮೋಟರ್ ಸೈಕಲ್ಲಿನ ಹಿಂದೆ ಕೂತು ಗಜೇಂದ್ರಗಡಕ್ಕೆ ಬಂದಳು. ನಾನು ಅಲ್ಲೇ ಇದ್ದೆ. ಬಾಗಿಲಲ್ಲಿ ನಿಂತು ಸೆರಗಿನಿಂದ ಕ್ಯಾಸೆಟ್ ತೆಗೆದು ರಾಜೇಸಾಬರ ಮುಂದೆ ಹಿಡಿದಳು.

"ಯಪ್ಪಾ, ನನ್ನ ದನಿ ಹಿಂಗ ಐತೇನೋ? ಇಷ್ಟ ವರ್ಸ ಮಂದಿ ಮುಂದ ಇಂಥಾ ದನೀಲೇ ಹಾಡೀನೇನೋ? ಯಾರೂ ಹೇಳಲಿಲ್ಲಲ್ಲೋ ನನಗ."

ರಾಜೇಸಾಬರಿಗೆ ಮಾತು ಪೂರ್ತಿ ತಿಳಿಯಲಿಲ್ಲ. ಅವಳಿಗೆ ಹಲ್ಲಿರಲಿಲ್ಲ, ತುಟಿ ಒಳಗೆ ಸೇರಿತ್ತು. ನನ್ನ ಮುಖ ನೋಡಿದರು. ನಾನು ಕ್ಯಾಸೆಟ್ ಹಚ್ಚಿದೆ. ಒಡೆದ ತಗಡಿನ ಮೇಲೆ ಮಳಲು ಸುರಿದಂತೆ ಸದ್ದು ಬಂತು. ಅದರ ತಳದಲ್ಲಿ ಎಲ್ಲೋ ಅವಳ ದನಿಯಿತ್ತು. ಅವರು ನನ್ನ ಮುಖವನ್ನೇ ನೋಡುತ್ತಿದ್ದರು. ನಾನು ಕ್ಯಾಸೆಟ್ ನಿಲ್ಲಿಸಿ ಮೂಗು ಮುಟ್ಟಿಕೊಂಡೆ.

ಅವರು ಕುಣಿಯಿಂದ ಎದ್ದು ಬಂದು ಮುದುಕಿಯ ಎದುರು ನಿಂತರು. ಓಣಿಯ ಜನ ಬಾಗಿಲಲ್ಲಿ ಸೇರಿದ್ದರು, ವ್ಯಾಪಾರಿಯ ಕಡೆಯವರೂ ಇದ್ದರು.

"ಯವ್ವಾ, ನಿನ್ನ ದನಿ ಚಲೋ ಐತಿ. ನನಗ ಕೇಳಂಗಿಲ್ಲ" ಎಂದರು. "ಮೂರು ವರ್ಸಾತು, ನನಗ ಏನೂ ಕೇಳಂಗಿಲ್ಲ. ಸುಳ್ಳ ಹೇಳಿ ದನಿ ತುಂಬೀನಿ. ನಿಂದು ಹಾಳ ಮಾಡೀನಿ."

ಸಾವಂತ್ರವ್ವ ಅವರ ಕಿವಿಯ ಕಡೆ ನೋಡಿದಳು. "ಕೇಳಂಗಿಲ್ಲಾಂದ್ರ ಕೇಳಂಗಿಲ್ಲ ಅನಬೇಕಿಲ್ಲೇನೋ ತಮ್ಮಾ" ಎಂದಳು. ಅವಳ ಹಾಡಿನ ಮೂಲ ಪ್ರತಿ ಕಂಪ್ಯೂಟರಿನಲ್ಲಿ ಕೆಡದೆ ಉಳಿದಿತ್ತು, ಮತ್ತೊಮ್ಮೆ ತೆಗೆದುಕೊಡುತ್ತೇವೆಂದು ನಾನು ಬೇಡಿಕೊಂಡೆ. ಅವಳು ಕೈ ಅಲ್ಲಾಡಿಸಿ ಬೇಡವೆಂದಳು. ಆಮೇಲೆ ಅವಳು ಊರಲ್ಲೂ ಹಾಡುವುದನ್ನು ಬಿಟ್ಟಳೆಂದು ಕೇಳಿದೆ.

ಯಾಕೆ ಕೇಳಿಸುವುದಿಲ್ಲ ಎಂದು ಅಂದು ಅಲ್ಲಿದ್ದವರೆಲ್ಲ ಕೇಳಿದರು. "ಹಾರ್ನ್ ಮುಂದ ನಿಂತಿದ್ದೆ" ಎಂದೇ ಹೇಳಿದರು. ನಾನು ಅವರ ಬೆನ್ನ ಹಿಂದೆಯೇ ನಿಂತಿದ್ದೆ.

ಸ್ಟುಡಿಯೋ ಮುಚ್ಚಿತು. ಕಂಪ್ಯೂಟರನ್ನು ವ್ಯಾಪಾರಿ ಒಯ್ದ. ರಾಜೇಸಾಬರು ಪೇಟೆಯಲ್ಲಿ ಅಳಿಯನ ಬಳೆ ಅಂಗಡಿಯ ಮುಂದೆ ಕೂತು ಬಳೆಯ ಡಬ್ಬಿಗಳನ್ನು ಒರೆಸಿ ಜೋಡಿಸುತ್ತಿದ್ದರು. ನಾನು ಮೊದಮೊದಲು ವಾರಕ್ಕೊಮ್ಮೆ ಹೋಗುತ್ತಿದ್ದೆ. ಶಾಲೆಯ ಒಂದು ಪಾಟಿ ಒಯ್ದುಕೊಟ್ಟಿದ್ದೆ. ನಾನು ಬಳಪದಿಂದ ಬರೆಯುವುದು, ಅವರು ಓದಿ ಬಾಯಿಂದ ಉತ್ತರಿಸುವುದು. ತಮ್ಮ ದನಿ ಎಷ್ಟು ಏರಿದೆ ಎಂದು ಅವರಿಗೇ ತಿಳಿಯುತ್ತಿರಲಿಲ್ಲ. ಪೇಟೆಯಲ್ಲಿ ಹೋಗುವವರು ತಿರುಗಿ ನೋಡುವಷ್ಟು ಗಟ್ಟಿಯಾಗಿ ಮಾತಾಡಿಬಿಡುತ್ತಿದ್ದರು. ನಾನು ಅಂಗೈ ಕೆಳಗೆ ಮಾಡಿ ತೋರಿಸಿದರೆ ನಾಚಿಕೊಂಡು ಪಿಸುಗುಡುವಷ್ಟು ಇಳಿಸುತ್ತಿದ್ದರು. ಆಗ ನನಗೆ ಕೇಳುತ್ತಿರಲಿಲ್ಲ.

ಒಂದು ದಿನ ಪಾಟಿಯ ಮೇಲೆ 'ತಪ್ಪು ನನ್ನದು' ಎಂದು ಬರೆದೆ. ಅವರು ಆಗ ಒಬ್ಬ ಗಿರಾಕಿಗೆ ಬಳೆ ತೋರಿಸುತ್ತಿದ್ದರು. ತಿರುಗುವುದರೊಳಗೆ ಅಳಿಸಿ, 'ಮಳೆ ಬರುವಂತಿದೆ' ಎಂದು ಬರೆದೆ. ಅವರು ಓದಿ, ಆಕಾಶ ನೋಡಿ, ಪಾಟಿಯನ್ನು ಮತ್ತೊಮ್ಮೆ ನೋಡಿದರು. ಬಳಪದ ಅಕ್ಷರ ಒಣಬಟ್ಟೆಯಿಂದ ಒರೆಸಿದರೆ ಪೂರ್ತಿ ಹೋಗುವುದಿಲ್ಲ. ಓದಿದರೋ ಇಲ್ಲವೋ ನನಗೆ ಗೊತ್ತಿಲ್ಲ. "ಹೌದ್ರಿ, ಮಾಡ ಆಗೈತಿ. ಲಗೂ ಮನಿಗೆ ನಡೀರಿ" ಎಂದರು. ಅದಾದ ಮೇಲೆ ನಾನು ಹೋಗುವುದು ಕಡಿಮೆಯಾಯಿತು. ಶಾಲೆಯ ಕೆಲಸ ಹೆಚ್ಚಾಗಿದೆ ಎಂದು ನನಗೆ ನಾನೇ ಹೇಳಿಕೊಂಡೆ.

ಎರಡು ಸಾವಿರದ ಒಂಬತ್ತರ ಚಳಿಗಾಲ, ಬೆಳಗಿನ ಹೊತ್ತು. ರಾಜೇಸಾಬರು ರೋಣದ ರಸ್ತೆಯಲ್ಲಿ ನಡೆದು ಹೋಗುತ್ತಿದ್ದರು. ಹಿಂದಿನಿಂದ ಮೆಣಸಿನಕಾಯಿ ಹೇರಿಕೊಂಡ ಒಂದು ಟೆಂಪೋ ಬಂತು. ಚಾಲಕ ಹಾರ್ನ್ ಒತ್ತುತ್ತಲೇ ಬಂದನಂತೆ, ಸರಿಯುತ್ತಾರೆಂದು ತಿಳಿದನಂತೆ. ನೋಡಿದವರೆಲ್ಲ ಅದನ್ನೇ ಹೇಳಿದರು. "ಅಷ್ಟ ಹಾರ್ನ್ ಹೊಡದ, ಮನಶಾ ತಿರುಗಿ ಸೈತ ನೋಡಲಿಲ್ಲ" ಎಂದರು. ನಾನು ಶಾಲೆಯಿಂದ ಬರುವಷ್ಟರಲ್ಲಿ ಮಣ್ಣು ಮಾಡಿ ಬಂದಿದ್ದರು.

ನಲವತ್ತು ದಿನ ಕಳೆದ ಮೇಲೆ, ಒಂದು ಭಾನುವಾರ ಮಧ್ಯಾಹ್ನ ನಾನು ಮಾಬೂಬಿಯ ಮನೆಗೆ ಹೋದೆ. ದಾರಿಯುದ್ದಕ್ಕೂ ಮಾತು ಜೋಡಿಸಿಕೊಂಡು ಹೋಗಿದ್ದೆ. ಅವಳು ಪಡಸಾಲೆಯಲ್ಲಿ ಅವರ ಅಂಗಿಗಳನ್ನು ಯಾರಿಗೋ ಕೊಡಲೆಂದು ಮಡಚುತ್ತಿದ್ದಳು. ನನ್ನನ್ನು ಕೂಡಿಸಿದಳು. ತಾಯಿಯ ಆರೋಗ್ಯ ಕೇಳಿದಳು. ನಾನು ಉತ್ತರಿಸಿ, ಜೋಡಿಸಿಕೊಂಡಿದ್ದನ್ನು ಹೇಳಿದೆ.

"ಮಾಬೂಬಿ, ಅವರ ಕಿವಿ ಹಾರ್ನಿನಿಂದ ಹೋಗಲಿಲ್ಲ. ನನ್ನಿಂದ ಹೋತು. ಅವರು ಕೈ ಎತ್ತಿದ್ದಿಲ್ಲ. ನಾನ ಗುಂಡಿ ಒತ್ತಿದೆ."

ಅವಳು ಅಂಗಿಯ ತೋಳನ್ನು ಒಳಗೆ ಮಡಚಿದಳು. ಇನ್ನೊಂದು ತೋಳನ್ನೂ ಮಡಚಿದಳು.

"ಗೊತ್ತೈತ್ರಿ ಅಕ್ಕೋರ" ಎಂದಳು. "ಅವತ್ತ ಹೇಳಿದ್ರು. ದವಾಖಾನಿಗೆ ಹೋಗೂಕಿಂತ ಮೊದಲ."

ಅವಳೇ ಮುಂದುವರಿಸಿದಳು. ದನಿ ಏರಲಿಲ್ಲ.

"ನಾ ಭಾಳ ಸಿಟ್ಟ ಮಾಡಿದೆ. ನಿಮ್ಮ ಮನಿಗೇ ಬರಾಕ ಹೊಂಟಿದ್ದೆ. ಅವರ ತಡದ್ರು. 'ನೀ ಕೇಳಬ್ಯಾಡ, ಅವರ ಬಾಯಿಲೇ ಬರಲಿ. ಭಾಳ ಚಲೋ ಹೆಣ್ಮಗಳು, ನಾಳೆ ಹೇಳತಾರ' ಅಂದ್ರು. ದವಾಖಾನ್ಯಾಗ ಹೇಳತೀರಿ ಅಂತ ನಿಮ್ಮ ಬಾಜೂ ಕುಂತು ದಾರಿ ನೋಡಿದೆ. ಆ ಮುದುಕಿ ಬಂದಾಗ ಹೇಳತೀರಿ ಅಂದುಕೊಂಡೆ. ಸಂಜಿಗೊಮ್ಮೆ ಬಂದು ಹೋಗತಿದ್ದಿರಿ. ನೀವು ಹೋದಮ್ಯಾಲ ಅವರು ನನ್ನ ಮಾರಿ ನೋಡತಿದ್ರು, ಹೇಳಿದ್ರೇನು ಅಂತ. ಆರು ವರ್ಸ ನೋಡಿದ್ರು."

"ನನಗ ಅಂಜಿಕಿ ಆತು" ಎಂದೆ.

"ಹೌದ್ರಿ" ಎಂದಳು. "ಅಂಜಿಕಿ ಆಗಿರತೈತಿ."

ಅಂಗಿಗಳ ಗಂಟು ಕಟ್ಟಿ, ಎತ್ತಿಕೊಂಡು, ಮಾಬೂಬಿ ಒಳಗೆ ಹೋದಳು. ಆ ಮನೆಯಲ್ಲಿ ನಾನು ಚಹಾ ಕುಡಿಯದೆ ಎದ್ದ ದಿನ ಇರಲಿಲ್ಲ. ತರುತ್ತಾಳೆಂದುಕೊಂಡು ಪಡಸಾಲೆಯಲ್ಲಿ ಕೂತೇ ಇದ್ದೆ. ಒಳಗೆ ಪಾತ್ರೆಯ ಸದ್ದಾಗಲಿಲ್ಲ, ಸ್ಟೋವಿನ ಸದ್ದಾಗಲಿಲ್ಲ. ಬಹಳ ಹೊತ್ತಿನ ಮೇಲೆ, ಅವಳು ಹೊರಗೆ ಬರುವುದಿಲ್ಲ ಎಂದು ತಿಳಿಯಿತು. ಎದ್ದು ಚಪ್ಪಲಿ ಮೆಟ್ಟಿಕೊಂಡು, ಬಾಗಿಲು ಎಳೆದುಕೊಂಡು ಬಂದೆ.